ಏಳನೇ ಹಾಡಿನ ಎದುರಿಗಿದ್ದ ಎರಡಕ್ಷರ

ಸೆಟ್‌ಲಿಸ್ಟ್‌ನಲ್ಲಿ, ಅಂದರೆ ಶೋನ ಹಾಡುಗಳ ಪಟ್ಟಿಯಲ್ಲಿ, ಏಳನೇ ಹಾಡಿನ ಎದುರು ಪೆನ್ಸಿಲ್‌ನಲ್ಲಿ ‘ಆಫ್’ ಎಂದು ಬರೆದಿತ್ತು. ರಿವರ್ಬ್ (ದನಿಗೆ ಸೇರಿಸುವ ಮಾರ್ದನಿ) ಆಫ್ ಎಂದು ಓದಿಕೊಂಡೆ. ಹಾಡುವವರನ್ನು ಕೇಳಿ ನೋಡಲಿಲ್ಲ. ಇದು 2023ರ ಅಕ್ಟೋಬರ್ ತಿಂಗಳ ಮಾತು. ಇವತ್ತಿಗೂ ಯಾರಾದರೂ ಕೈಬರಹದ ಸೆಟ್‌ಲಿಸ್ಟ್ ಕೊಟ್ಟರೆ ನನಗೆ ಮೊದಲು ನೆನಪಾಗುವುದು ಆ ಪೆನ್ಸಿಲ್ ಗುರುತೇ.

ಮ್ಯಾನ್‌ಹಟನ್‌ನ ಒಂದು ಕ್ಯಾಬರೆ ರೂಮಿನಲ್ಲಿ ಹೌಸ್ ಸೌಂಡ್, ಅಂದರೆ ಅಲ್ಲಿನ ಧ್ವನಿವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಕ್ಯಾಬರೆ ಅಂದಕೂಡಲೇ ನಮ್ಮವರಿಗೆ ಹಳೇ ಸಿನಿಮಾದ ಡಾನ್ಸ್ ಕಣ್ಣಿಗೆ ಬರುತ್ತದೆ. ಅಮ್ಮನಿಗೂ ಹಾಗೇ ಆಗಿ, ನೆಂಟರ ಮುಂದೆ ‘ಮಗ ಸಂಗೀತದ ಹೋಟೆಲಿನಲ್ಲಿದ್ದಾನೆ’ ಎಂದೇ ಬಹಳ ದಿನ ಹೇಳುತ್ತಿದ್ದರು. ಇಲ್ಲಿಯದು ಬೇರೆ. ಎಂಬತ್ತು ಕುರ್ಚಿ, ಒಂದು ಗ್ರ್ಯಾಂಡ್ ಪಿಯಾನೊ, ಮೇಜಿನ ಮೇಲೆ ಸಣ್ಣ ದೀಪ. ಹಾಡುವವರಿಗೂ ಮೊದಲ ಸಾಲಿನವರಿಗೂ ನಡುವೆ ಮೂರು ಹೆಜ್ಜೆ ಕೂಡ ಇರುವುದಿಲ್ಲ. ಅಷ್ಟು ಹತ್ತಿರದಿಂದ ಒಬ್ಬರ ಮುಖಕ್ಕೆ ಹೇಳಿದ ಹಾಗೆ ಹಾಡು ಹೇಳಬೇಕು. ಸಂಜೆ ಏಳಕ್ಕೊಂದು ಶೋ, ಒಂಬತ್ತೂವರೆಗೊಂದು. ಟಿಕೆಟ್ ಅಲ್ಲದೆ ತಲೆಗೆ ಎರಡು ಡ್ರಿಂಕ್ ಕಡ್ಡಾಯ. ಕೊನೆಯ ಎರಡು ಹಾಡು ನಡೆಯುತ್ತಿರುವಾಗಲೇ ವೇಟರ್‌ಗಳು ಬಿಲ್ ಇಡುತ್ತಾ ಬರುತ್ತಾರೆ. ಹಾಡಿನ ಪ್ರಾಣ ಹೋಗುವುದು ಅಲ್ಲೇ ಎಂದು ನಾಲ್ಕು ಮೀಟಿಂಗ್‌ನಲ್ಲಿ ಹೇಳಿದ್ದೇನೆ. ಬದಲಾಗಿಲ್ಲ.

ಇನ್ನೊಂದು ಹೇಳಲೇಬೇಕು. ನಾನು ಸೇರಿದಾಗ ನನ್ನ ಸೌಂಡ್ ಡೆಸ್ಕ್ ಹಿಂದಿನ ಗೋಡೆಯ ನಡುವೆ ಇತ್ತು. ಆಮೇಲೆ ಎರಡು ಮೇಜು ಹೆಚ್ಚಿಗೆ ಹಾಕಲು ಅದನ್ನು ಮೂಲೆಗೆ, ಕಂಬದ ಹಿಂದಕ್ಕೆ ತಳ್ಳಿದರು. ಅಲ್ಲಿಂದ ಹಾಡುಗಾರರ ಮುಖ ಕಾಣುತ್ತದೆ, ಕೈಗಳಿಗೆ ಕಂಬ ಅಡ್ಡ. ಪಕ್ಕದಲ್ಲೇ ಸರ್ವಿಸ್ ಬಾರ್, ಅದರಡಿಯಲ್ಲಿ ವೈನ್ ಫ್ರಿಜ್. ಕೈ ಕಾಣದೆ ಸೌಂಡ್ ಮಾಡುವುದು ಎಂದರೆ ಏನು ಎಂದು ಮ್ಯಾನೇಜ್‌ಮೆಂಟ್‌ಗೆ ಗೊತ್ತಿರಲಿಲ್ಲ. ಆ ಶುಕ್ರವಾರದವರೆಗೆ ನನಗೂ ಪೂರ್ತಿ ಗೊತ್ತಿರಲಿಲ್ಲ.

ಆ ವಾರ ಹಾಡುತ್ತಿದ್ದವರಿಗೆ 79 ವರ್ಷ. ಜಾಝ್‌ನಲ್ಲೇ ಅರವತ್ತು ವರ್ಷ ಕಳೆದವರು. ಜೊತೆಗೆ ಪಿಯಾನೊ, ಅಪ್‌ರೈಟ್ ಬೇಸ್, ಅಷ್ಟೇ. ಹಾಡಿದ್ದೆಲ್ಲ ಸ್ಟ್ಯಾಂಡರ್ಡ್‌ಗಳು, ಎಲ್ಲರೂ ಮತ್ತೆ ಮತ್ತೆ ಹಾಡುವ ಹಳೆಯ ಹಾಡುಗಳು. ಕಟ್ಟಿದವರ ಹೆಸರಿನಲ್ಲಿ ಹೇಳಿದರೆ ಪೋರ್ಟರ್, ಗರ್ಶ್ವಿನ್, ಕರ್ನ್, ರಾಜರ್ಸ್ ಮತ್ತು ಹಾರ್ಟ್, ಕಡೆಗೆ ಒಂದೆರಡು ಬಕಾರಾಕ್. ತಮ್ಮ ಕಾಲದಲ್ಲಿ ಬೀದಿಬೀದಿಯಲ್ಲಿ ಗುನುಗುತ್ತಿದ್ದ ಪಾಪ್ ಹಾಡುಗಳೇ ಇವು. ಹೆಚ್ಚಿನವು ಮೂವತ್ತೆರಡು ಬಾರ್‌ನ (ನಮ್ಮ ತಾಳದ ಆವರ್ತದಂಥ ಅಳತೆ) ಚೌಕಟ್ಟು, ಎ ಎ ಬಿ ಎ: ಒಂದೇ ಧಾಟಿಯ ಎ ಮೂರು ಸಲ, ಕೊನೆಯದಕ್ಕೆ ಮುಂಚೆ ಬೇರೆ ಧಾಟಿಯ ಬಿ, ಅಂದರೆ ಬ್ರಿಡ್ಜ್; ಒಂದೊಂದೂ ಎಂಟು ಬಾರ್. ಜನಕ್ಕೆ ಪ್ರತಿ ಸಾಲೂ ಬಾಯಿಪಾಠ. ಹಾಗಾಗಿ ಕಿವಿಯೆಲ್ಲ ಇವತ್ತು ಈ ಸಾಲನ್ನು ಇವರು ಹೇಗೆ ಹೇಳುತ್ತಾರೆ ಎಂಬುದರ ಮೇಲೆಯೇ. ಇವರು ಬೀಟ್ ದಾಟಿದ ಮೇಲೆ ಸಾಲು ಎತ್ತುತ್ತಿದ್ದರು. ಸಮಕ್ಕೆ ಎತ್ತದ ಕೃತಿಗಳನ್ನು ಕೇಳಿ ಬೆಳೆದ ನನಗೆ ಅದರ ರುಚಿ ಬೇಗ ಹತ್ತಿತು. ಪಿಯಾನೊ ಮುಂದೆ ಹೋಗಿರುತ್ತದೆ, ಮಾತು ನಿಧಾನಕ್ಕೆ ಬಂದು ಬಾರ್ ಮುಗಿಯುವಷ್ಟರಲ್ಲಿ ಜೊತೆಗೆ ಕೂತಿರುತ್ತದೆ.

ಅವರು ಮೈಕ್ ಹಿಡಿಯುವುದನ್ನು ಹೊಸ ಹುಡುಗರು ನೋಡಬೇಕು. ತಂತಿ ಇರುವ ಶೂರ್ ಎಸ್‌ಎಂ58 ಅಲ್ಲದೆ ಬೇರೇನೂ ಬೇಡ ಎಂದಿದ್ದರು. ಆ ಮೈಕ್ ಬಂದದ್ದು 1966ರಲ್ಲಿ, ಇವರು ರಾತ್ರಿ ಹಾಡಲು ಶುರು ಮಾಡಿದ್ದೂ ಸುಮಾರು ಆಗಲೇ. ತಗ್ಗಿಸಿ ಹೇಳುವಾಗ ತುಟಿಗೆ ತಾಗಿಸುತ್ತಾರೆ, ದನಿಗೆ ಬೆಚ್ಚಗಿನ ತಳ ಸಿಗುತ್ತದೆ. ಎತ್ತುವ ಮೊದಲೇ ಮೈಕ್ ಗಲ್ಲದ ಕೆಳಗೆ ಇಳಿದಿರುತ್ತದೆ. ಮಂಗಳವಾರದ ಮೊದಲ ಶೋನಲ್ಲಿ ನಾನು ಅಭ್ಯಾಸಬಲದಿಂದ, ಜೋರು ದನಿಯನ್ನು ತಾನಾಗಿ ತಗ್ಗಿಸುವ ಕಂಪ್ರೆಸರ್ ಅನ್ನು ಮೂರಕ್ಕೆ ಒಂದು ಇಟ್ಟಿದ್ದೆ. ಎರಡನೇ ಹಾಡಿಗೇ ಬೈಪಾಸ್ ಮಾಡಿದೆ. ಅವರ ಕೈ ಮಾಡುತ್ತಿದ್ದ ಕೆಲಸವನ್ನು ನನ್ನ ಪೆಟ್ಟಿಗೆ ಮತ್ತೊಮ್ಮೆ ಮಾಡಿ ಕೆಡಿಸುತ್ತಿತ್ತು.

ಶುಕ್ರವಾರ ಸೆಟ್ ಬದಲಾಯಿತು. ಎರಡನೇ ಶೋಗೆ ಏಳನೆಯದಾಗಿ ‘ಮೈ ಫನ್ನಿ ವ್ಯಾಲೆಂಟೈನ್’ ಸೇರಿತು. 1937ರ ರಾಜರ್ಸ್–ಹಾರ್ಟ್ ಹಾಡು, ‘ಬೇಬ್ಸ್ ಇನ್ ಆರ್ಮ್ಸ್’ ನಾಟಕದ್ದು. ಇದು ಮಾತ್ರ ಮೂವತ್ತೆರಡರಲ್ಲಿ ಮುಗಿಯುವುದಿಲ್ಲ. ಕೊನೆಯ ಎ ನಾಲ್ಕು ಬಾರ್ ಹಿಗ್ಗುತ್ತದೆ, ಒಟ್ಟು ಮೂವತ್ತಾರು. ಆ ಹಿಗ್ಗಿದ ಕೊನೆಯ ಹನ್ನೆರಡರಲ್ಲೇ ಹಾಡಿನ ಎತ್ತರದ ಸ್ವರ ಬರುವುದು. ಅಲ್ಲಿಗೆ ಬಂದಾಗ ಎಲ್ಲರೂ ದನಿ ಬಿಚ್ಚುತ್ತಾರೆ. ನಾವು ದನಿ ಏರಿಸಿ ಇಳಿಸುವ ಫೇಡರ್ ಮೇಲೆ ಬೆರಳಿಟ್ಟು ಮೂರು ಡಿಬಿ (ಡೆಸಿಬೆಲ್) ಇಳಿಸಲು ತಯಾರಾಗಿ ಕೂತಿರುತ್ತೇವೆ. ಸೌಂಡ್‌ಚೆಕ್‌ನಲ್ಲಿ ಅವರು ಮೊದಲ ಎಂಟು ಬಾರ್ ಅರೆದನಿಯಲ್ಲಿ ಹೇಳಿ, ‘ಇದು ಸಾಕು’ ಎಂದು ಮುಂದಿನದಕ್ಕೆ ಹೋದರು. ಪಟ್ಟಿಯಲ್ಲಿ ‘ಆಫ್’ ಕಂಡು ಏಳನೇ ಹಾಡಿಗೆಂದು ಡೆಸ್ಕ್‌ನಲ್ಲಿ ಉಳಿಸಿಟ್ಟ ಸೀನ್‌ನಲ್ಲಿ ರಿವರ್ಬ್ ಮ್ಯೂಟ್ ಹಾಕಿ ಸೇವ್ ಮಾಡಿದೆ. ಒಣ ದನಿಯಲ್ಲಿ ಈ ಹಾಡು ಚೆನ್ನಾಗಿರುತ್ತದೆ ಎಂದೂ ಅನ್ನಿಸಿತು. ತಪ್ಪು ಓದಿಗೆ ಒಳ್ಳೆಯ ಕಾರಣವೂ ಸಿಕ್ಕಿಬಿಟ್ಟರೆ ಆಮೇಲೆ ಅನುಮಾನವೇ ಬರುವುದಿಲ್ಲ.

ರಾತ್ರಿ ಹತ್ತೂಕಾಲು. ಎರಡು ಎ ಆಯಿತು, ಬ್ರಿಡ್ಜ್ ಆಯಿತು. ಬೇಸ್ ನಿಂತಿತು, ಪಿಯಾನೊ ಒಂದು ಕಾರ್ಡ್ ಇಟ್ಟು ಕೈ ಎತ್ತಿತು. ಅವರ ಚಾನೆಲ್‌ನ ಮೀಟರ್ ಸಟ್ಟನೆ ಬಿದ್ದುಹೋಯಿತು.

ಮೊದಲ ಯೋಚನೆ: ಸಾಲು ಮರೆತರಾ? ಜಾಝ್ ಗಾಯಕಿ ಎಲ್ಲಾ ಫಿಟ್ಜ್‌ಜೆರಾಲ್ಡ್ ಅಂಥವರೇ 1960ರಲ್ಲಿ ಬರ್ಲಿನ್‌ನ ಸಂಗೀತ ಕಚೇರಿಯಲ್ಲಿ ‘ಮ್ಯಾಕ್ ದ ನೈಫ್’ ನಡುವೆ ಸಾಲು ಮರೆತು ಅಲ್ಲೇ ಹೊಸದು ಕಟ್ಟಿ ಹಾಡಿದ್ದರು. ಆದರೆ ಕಂಬದ ಪಕ್ಕದಿಂದ ನೋಡಿದರೆ ಇವರ ತುಟಿ ಆಡುತ್ತಿದೆ. ಒಂದೇ ಚಾನೆಲ್ ಕೇಳಿಸುವ ಪಿಎಫ್‌ಎಲ್ ಗುಂಡಿ ಒತ್ತಿ ಹೆಡ್‌ಫೋನ್ ಕಿವಿಗೆ ಹಾಕಿಕೊಂಡೆ. ಪಿಯಾನೊದಿಂದ ಸೋರಿಬಂದ ಸದ್ದು ಬಿಟ್ಟರೆ ಏನೂ ಇಲ್ಲ. ಕೇಬಲ್ ಹೋಯಿತು ಎಂದು ತೀರ್ಮಾನಿಸಿದೆ.

ಹೆಡ್‌ಫೋನ್ ಹಾಕಿಕೊಂಡದ್ದೇ ನನ್ನ ದೊಡ್ಡ ತಪ್ಪು. ಕಿವಿ ಮುಚ್ಚದೇ ಇದ್ದಿದ್ದರೆ ದನಿ ಕೇಳುತ್ತಿತ್ತು. ವೇದಿಕೆಯಿಂದ ಕೊನೆಯ ಮೇಜಿಗೆ ಮೂವತ್ತು ಅಡಿ. ಆ ಕ್ಷಣ ರೂಮಿನಲ್ಲಿದ್ದ ಪ್ರತಿಯೊಬ್ಬರಿಗೂ ಅವರು ಕೇಳುತ್ತಿದ್ದರು, ಕೇಳದೇ ಇದ್ದವನು ನಾನೊಬ್ಬ.

ಇದರ ಬೇರು ಊರಿನಲ್ಲಿದೆ. ಇಲ್ಲಿಗೆ ಬರುವ ಮೊದಲು ಎಂಟು ವರ್ಷ ಬೆಂಗಳೂರಿನಲ್ಲಿ ಸೌಂಡ್ ಮಾಡಿದ್ದೇನೆ. ರಾಮನವಮಿ ಪೆಂಡಾಲ್, ಗಣೇಶೋತ್ಸವ, ಸುಗಮ ಸಂಗೀತ. ಅಲ್ಲಿ ಅರೆಕ್ಷಣ ದನಿ ಹೋದರೂ ಹಿಂದಿನಿಂದ ‘ಮೈಕ್! ಮೈಕ್!’ ಎಂದು ಕೂಗು ಏಳುತ್ತದೆ, ಪಕ್ಕವಾದ್ಯದವರು ತಿರುಗಿ ಕಣ್ಣು ಬಿಡುತ್ತಾರೆ, ಸಂಘಟಕರು ಓಡಿಬರುತ್ತಾರೆ. ದನಿ ನಿಂತಿತು ಎಂದರೆ ಏನೋ ಕೆಟ್ಟಿದೆ, ಕೈ ತಾನಾಗಿ ಮುಂದಕ್ಕೆ ಹೋಗಬೇಕು. ಆ ಚುರುಕಿನಿಂದಲೇ ನನಗೆ ಅಲ್ಲಿ ಒಳ್ಳೆಯ ಹೆಸರಿತ್ತು.

ಪಿಯಾನೊ ಪಕ್ಕ ಸ್ಟ್ಯಾಂಡ್‌ನಲ್ಲಿ ಸ್ಪೇರ್ ಮೈಕ್ ಇತ್ತು, ಚಾನೆಲ್ ಎರಡು. ಅನ್‌ಮ್ಯೂಟ್ ಮಾಡಿ ಫೇಡರ್ ಎತ್ತಿದೆ. ದನಿ ಬರಲಿಲ್ಲ. ಇನ್ನೂ ಎತ್ತಿದೆ. ಅದು ಪಿಯಾನೊದವರಿಗೆಂದು ನೆಲದ ಮೇಲಿಟ್ಟ ಸ್ಪೀಕರ್‌ಗೆ (ವೆಜ್) ಮುಖ ಮಾಡಿ ನಿಂತಿದೆ ಎಂಬುದು ಕಂಬದ ಹಿಂದಿನವನಿಗೆ ಎಲ್ಲಿ ಕಾಣಬೇಕು? ಕುಂಯ್ ಎಂದು ಶುರುವಾದದ್ದು ಕಿವಿಗೆ ಸೂಜಿ ಚುಚ್ಚಿದ ಹಾಗೆ ಏರಿತು. ಒಟ್ಟು ದನಿಯ ಮಾಸ್ಟರ್ ಕೆಳಗೆಳೆದೆ. ಮೂರೋ ನಾಲ್ಕೋ ಸೆಕೆಂಡ್. ಮುಂದಿನ ಮೇಜಿನ ಹೆಂಗಸೊಬ್ಬರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದರು. ವೇಟರ್ ಟ್ರೇ ಹಿಡಿದು ನಿಂತಲ್ಲೇ ನಿಂತ. ಹಾಡು ನಿಂತಿತ್ತು.

ಪಿಯಾನೊದವರು ಅದೇ ಕಾರ್ಡ್‌ನಲ್ಲಿ ಮೆಲ್ಲಗೆ ವ್ಯಾಂಪ್ ಹಿಡಿದರು, ಕಾಯುತ್ತಾ ಅದನ್ನೇ ಮತ್ತೆ ಮತ್ತೆ ನುಡಿಸಿದರು. ಎಂಬತ್ತು ತಲೆ ನನ್ನ ಕಡೆ ತಿರುಗಿದವು. ಬೆವರಿಗೆ ಫೇಡರ್ ಮೇಲೆ ಬೆರಳು ಜಾರುತ್ತಿತ್ತು. ಮೈಕ್ ಹಿಡಿದು ವೇದಿಕೆಗೆ ಓಡಲೇ ಎಂದು ಹೊಸ ಕೇಬಲ್ ಕೈಗೆತ್ತಿಕೊಂಡೂಬಿಟ್ಟಿದ್ದೆ. ಆಗ ಅವರು ಎರಡು ಹೆಜ್ಜೆ ಪಕ್ಕಕ್ಕೆ, ಕಂಬ ತಪ್ಪಿಸಿ ನನಗೆ ಕಾಣುವಲ್ಲಿಗೆ ಬಂದರು. ಎರಡೂ ಅಂಗೈ ಎದೆಮಟ್ಟಕ್ಕೆ ಎತ್ತಿ ನನಗೆ ತೋರಿಸಿದರು. ಖಾಲಿ. ಮೈಕ್ ಪಿಯಾನೊದ ಮುಚ್ಚಳದ ಮೇಲೆ, ಮಡಿಸಿದ ಕರವಸ್ತ್ರದ ಮೇಲೆ ಮಲಗಿತ್ತು. ಸದ್ದಾಗದಿರಲಿ ಎಂದು ಕರವಸ್ತ್ರ ಮೊದಲೇ ಹಾಸಿಟ್ಟಿದ್ದರು.

ಆಫ್ ಎಂದರೆ ಆಫ್ ಮೈಕ್, ಮೈಕ್ ಇಲ್ಲದೆ.

‘ಬ್ರಿಡ್ಜ್’ ಎಂದು ಪಿಯಾನೊದವರಿಗೆ ಹೇಳಿ, ಮೈಕ್ ಎತ್ತಿಕೊಂಡು ಮತ್ತೆ ಹಾಡಿದರು. ಎಂಟು ಬಾರ್ ಸಮಯ ನನಗೆ. ಮತ್ತೆ ಏರಿಸಿದ್ದ ಮಾಸ್ಟರ್ ಅನ್ನು ಯಾರಿಗೂ ಗೊತ್ತಾಗದಷ್ಟು ನಿಧಾನವಾಗಿ ಇಳಿಸುತ್ತಾ ಬಂದೆ. ಸ್ಪೀಕರ್ ದನಿ ಇಳಿದ ಹಾಗೆಲ್ಲ ವೈನ್ ಫ್ರಿಜ್‌ನ ಗುಂಯ್ ಮೇಲೆದ್ದು ಬಂತು. ದಿನವೂ ಅದರ ಪಕ್ಕದಲ್ಲೇ ಕೂರುತ್ತೇನೆ, ಕೇಳಿಸಿಕೊಂಡೇ ಇರಲಿಲ್ಲ. ಬಗ್ಗಿ ಪ್ಲಗ್ ಕಿತ್ತೆ. ಅವರು ಮೈಕ್ ಕರವಸ್ತ್ರದ ಮೇಲಿಟ್ಟು ಕೊನೆಯ ಹನ್ನೆರಡು ಬಾರ್ ಹಾಡಿದರು. ಎಲ್ಲರೂ ದನಿ ಬಿಚ್ಚುವ ಜಾಗದಲ್ಲಿ ಅವರು ದನಿ ತಗ್ಗಿಸಿದರು. ಆ ಎತ್ತರದ ಸ್ವರದ ತುದಿಯಲ್ಲಿ ದನಿ ಸ್ವಲ್ಪ ಸೀಳಿತು, ಒಳಗೆ ಉಸಿರು ಕಂಡಿತು. ಸ್ಪೀಕರಿನಲ್ಲಿ ಆಗಿದ್ದರೆ ನಾನೇ ದನಿಯ ಬಣ್ಣ ತಿದ್ದುವ ಇಕ್ಯೂ ಹಾಕಿ ಒರೆಸುತ್ತಿದ್ದೆ. ಹೋಗಬೇಡ, ಇರು ಎಂದು ಕೇಳುವ ಸಾಲು ಅದು. 79 ವರ್ಷದವರು ಬರಿಯ ದನಿಯಲ್ಲಿ ಕೇಳಿದಾಗ ಎಂಬತ್ತು ಜನ ಉಸಿರು ಹಿಡಿದು ಮುಂದಕ್ಕೆ ಬಾಗಿದ್ದನ್ನು ನಾನು ಕಂಬದ ಹಿಂದಿನಿಂದಲೇ ನೋಡಿದೆ.

ಶೋ ಮುಗಿದ ಮೇಲೆ ಗ್ರೀನ್‌ರೂಮಿಗೆ ಹೋಗಿ ಕ್ಷಮೆ ಕೇಳಿದೆ. ಶೂ ಬಿಚ್ಚಿ ಬಿಸಿನೀರು ಕುಡಿಯುತ್ತಾ ಕೂತಿದ್ದರು.

‘ಆಫ್ ಅಂದರೆ ಏನು ಅಂದುಕೊಂಡೆ?’

‘ರಿವರ್ಬ್ ಅಂತ.’

‘ಕೇಳಬೇಕಿತ್ತು.’ ಅಷ್ಟೇ ಅಂದು, ಎದುರಿನ ಕುರ್ಚಿ ತೋರಿಸಿದರು.

ಆ ಹಾಡು ಹುಟ್ಟಿದಾಗ ಬ್ರಾಡ್‌ವೇ ರಂಗದಲ್ಲಿ ಮೈಕೇ ಇರಲಿಲ್ಲ, ಬಾಲ್ಕನಿಗೂ ಬರಿಯ ದನಿಯೇ ಹೋಗಬೇಕಿತ್ತು ಎಂದರು. ಸಣ್ಣ ಕ್ಲಬ್ಬಿನಲ್ಲಿ ಕುರ್ಚಿ ಮೇಲೆ ಕೂತು ಮಾತಾಡುವಂತೆ ಹಾಡುತ್ತಿದ್ದ ಮೇಬಲ್ ಮರ್ಸರ್ ಅವರನ್ನು ತಾವು ಕೇಳಿದ್ದು ಹೇಳಿದರು. ಸಾಲು ಹೇಳುವುದನ್ನು ಮರ್ಸರ್ ಅವರಿಂದ ಕಲಿತೆ ಎಂದು ಗಾಯಕ ಫ್ರ್ಯಾಂಕ್ ಸಿನಾತ್ರಾ ಕೂಡ ಹೇಳಿದ್ದರಂತೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಹಾಡುವ ಕೆಲಸಕ್ಕಾಗಿ ಪೊಲೀಸರಲ್ಲಿ ಹೋಗಿ ಬೆರಳಚ್ಚು ಕೊಟ್ಟದ್ದನ್ನೂ ಹೇಳಿದರು. ಈ ಊರಿನಲ್ಲಿ 1940ರಿಂದ 1967ರವರೆಗೆ ಮದ್ಯ ಮಾರುವ ಕ್ಲಬ್‌ಗಳಲ್ಲಿ ಪೊಲೀಸರು ಕೊಡುವ ಪರವಾನಗಿ, ಅಂದರೆ ಕ್ಯಾಬರೆ ಕಾರ್ಡ್ ಇಲ್ಲದೆ ಹಾಡುವ ಹಾಗಿರಲಿಲ್ಲ. 1947ರಲ್ಲಿ ಜಾಝ್ ಗಾಯಕಿ ಬಿಲ್ಲಿ ಹಾಲಿಡೇ ಅವರ ಕಾರ್ಡ್ ಹೋದ ಮೇಲೆ ಕಾರ್ನೆಗಿ ಹಾಲ್‌ನಂಥ ದೊಡ್ಡ ಸಭಾಂಗಣದಲ್ಲಿ ಹಾಡಬಹುದಿತ್ತು, ಇಂಥ ಎಂಬತ್ತು ಕುರ್ಚಿಯ ರೂಮಿನಲ್ಲಿ ಮಾತ್ರ ಇಲ್ಲ. ‘ಈ ಸಣ್ಣ ರೂಮಿಗೆ ಬರಲು ನಾವು ಏನೆಲ್ಲ ಕೊಟ್ಟಿದ್ದೇವೆ ನೋಡು’ ಎಂದು ತಮ್ಮ ಬೆರಳುಗಳನ್ನೇ ನೋಡಿಕೊಂಡರು. ನನಗೆ ಮಾತು ಬರಲಿಲ್ಲ.

ಬೆಳಿಗ್ಗೆ ಮ್ಯಾನೇಜರ್ ಮೇಲ್ ಬಂತು. ಫೀಡ್‌ಬ್ಯಾಕ್ ಬಗ್ಗೆ ಒಂದಕ್ಷರ ಇಲ್ಲ. ಫ್ರಿಜ್ ಪ್ಲಗ್ ತೆಗೆದವರು ಯಾರು, ವೈನ್ ಬಿಸಿಯಾದರೆ ಯಾರು ಹೊಣೆ ಎಂದು ಆರು ಸಾಲು. ನಾನೇ ತೆಗೆದದ್ದು, ಹತ್ತು ನಿಮಿಷದಲ್ಲಿ ಹಾಕಿದ್ದೇನೆ, ಡೆಸ್ಕ್ ಹಳೆಯ ಜಾಗಕ್ಕೆ ಬರಬೇಕು ಎಂದು ಉತ್ತರ ಬರೆದೆ. ಡೆಸ್ಕ್ ಬರಲಿಲ್ಲ. ಕಂಬಕ್ಕೆ ಎದುರಾಗಿ ಒಂದು ಸಣ್ಣ ಕ್ಯಾಮೆರಾ ಹಾಕಿಸಿಕೊಟ್ಟರು. ಈಗ ಕೈಗಳು ಕಾಣುತ್ತವೆ, ಅರೆಕ್ಷಣ ತಡವಾಗಿ. ಸ್ಪೇರ್ ಮೈಕ್ ವೆಜ್‌ಗೆ ಬೆನ್ನು ಹಾಕಿರುತ್ತದೆ, ಅದನ್ನು ಪ್ರತಿ ಶೋಗೆ ಮುಂಚೆ ನಾನೇ ಹೋಗಿ ನೋಡುತ್ತೇನೆ. ಹಾಡುಗಾರರ ಜೊತೆ ಕೂತು ಪಟ್ಟಿಯ ಪ್ರತಿ ಗುರುತನ್ನೂ ಬೆರಳಿಟ್ಟು ಕೇಳುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ, ಆಗಲಿ.

ಶನಿವಾರದ ಸೆಟ್‌ಲಿಸ್ಟ್ ಸಂಜೆ ನಾಲ್ಕೂವರೆಗೆ ಕೈಗೆ ಬಂತು. ಏಳನೇ ಹಾಡು ಅದೇ, ಎದುರಿಗೆ ಮತ್ತೆ ಪೆನ್ಸಿಲ್‌ನಲ್ಲಿ ಅದೇ ‘ಆಫ್’, ಬೇರೆ ವಿವರಣೆ ಇಲ್ಲ. ಅದರ ಕೆಳಗೆ ನನ್ನ ಪೆನ್ನಿನಲ್ಲಿ ಕನ್ನಡದಲ್ಲಿ ‘ಫ್ರಿಜ್’ ಎಂದು ಬರೆದುಕೊಂಡೆ.