ಗ್ಯಾಸ್ ಹಾಕಿಸುವ ಮುಂಚೆ: ಶಾರ್ಜಾದಿಂದ ಹಾಸನದ ಕಾರಿಗೆ

ಹಾಸನದವರ ಕಾರಿನ ಎ.ಸಿ. ಕೆಟ್ಟಿರುವುದು ಹಾಸನದಲ್ಲಿ ಗೊತ್ತಾಗುವುದೇ ಇಲ್ಲ. ಊರು ಇರುವುದೇ ಸಮುದ್ರಮಟ್ಟದಿಂದ ಸುಮಾರು 970 ಮೀಟರ್ ಮೇಲೆ. ಕಿಟಕಿ ಇಳಿಸಿದರೆ ಮುಗಿಯಿತು, ಎ.ಸಿ. ಯಾರಿಗೆ ಬೇಕು? ಸಕಲೇಶಪುರ ದಾಟಿ, ಶಿರಾಡಿ ಘಾಟಿ ಇಳಿದು, ಗುಂಡ್ಯದ ಹತ್ತಿರ ಬೆವರು ಕಿತ್ತುಕೊಂಡಾಗಷ್ಟೇ ಆ ಬಟನ್ ನೆನಪಾಗುವುದು. ನನ್ನ ಭಾಮೈದನಿಗೂ ಹಾಗೇ ಆಯಿತು. ಧರ್ಮಸ್ಥಳಕ್ಕೆ ಹೊರಟವನು ದಾರಿಯಿಂದಲೇ ಫೋನ್ ಮಾಡಿದ. "ಬಾವ, ಬರೀ ಬಿಸಿ ಗಾಳಿ ಬತ್ತೈತೆ. ಗ್ಯಾಸ್ ಖಾಲಿಯಾಗಿರ್ಬೇಕು, ಹಾಕುಸ್ಬುಡ್ಲಾ?"

ನಾನು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗಾಡಿಗಳ ಎ.ಸಿ. ಕೆಲಸ ಮಾಡುವವನು. ಹಾಗಾಗಿ ನಮ್ಮ ನೆಂಟರಿಷ್ಟರ ಫ್ರಿಜ್ಜು, ಮಿಕ್ಸಿ, ಮೋಟಾರು ಎಲ್ಲದಕ್ಕೂ ನನಗೇ ಫೋನ್ ಬರುತ್ತದೆ. ಆದರೆ ಈ 'ಗ್ಯಾಸ್ ಖಾಲಿ' ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ: ಕಂಪ್ರೆಸರ್ ಒತ್ತುತ್ತದೆ, ಮುಂದಿನ ಕಂಡೆನ್ಸರಿನಲ್ಲಿ ಶಾಖ ಬಿಟ್ಟು ದ್ರವವಾಗುತ್ತದೆ, ಡ್ಯಾಶ್‌ಬೋರ್ಡಿನೊಳಗಿನ ಕಾಯಿಲಿನಲ್ಲಿ ಕುದಿದು ಆವಿಯಾಗುವಾಗ ಒಳಗಿನ ಶಾಖ ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ಓಡಿದ ಮೇಲೆ ರಬ್ಬರ್ ಹೋಸಿನಿಂದ ಚೂರುಪಾರು ಹೋಗುವುದು ಬೇರೆ ಮಾತು. ಕಳೆದ ಬೇಸಿಗೆಯಲ್ಲಿ ಹಾಕಿಸಿದ್ದು ಈ ಬೇಸಿಗೆಗೆ ಇಲ್ಲ ಅಂದರೆ ಎಲ್ಲೋ ತೂತಿದೆ. ಅದನ್ನು ಬಿಟ್ಟು ಗ್ಯಾಸ್ ತುಂಬಿಸುವುದು ಪಂಕ್ಚರ್ ಹಾಕದೆ ದಿನಾ ಗಾಳಿ ಹೊಡೆಸಿದ ಹಾಗೆ. ವಿಚಾರಿಸಿದರೆ ಭಾಮೈದ ಹೋದ ವರ್ಷವೂ ಹಾಕಿಸಿದ್ದನಂತೆ, ಅದರ ಹಿಂದಿನ ವರ್ಷವೂ ಹಾಕಿಸಿದ್ದನಂತೆ.

"ಯಾರ ಹತ್ರಾನೂ ಹೋಗ್ಬೇಡ, ಊರಿಗೆ ಬಂದು ವಿಡಿಯೋ ಕಾಲ್ ಮಾಡು" ಅಂದೆ.

ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವ ಹಾಗಿಲ್ಲ, ಸರ್ಕಾರದ ನಿಯಮ. ನಮ್ಮದು ಶೆಡ್ಡಿನೊಳಗಿನ ಕೆಲಸ, ನಮಗೆ ಅದು ತಟ್ಟುವುದಿಲ್ಲ. ಬೇಸಿಗೆಯಲ್ಲಿ ಹೊರಗೆ 45 ಡಿಗ್ರಿ ದಾಟುವಾಗ ಎ.ಸಿ. ಹೋದ ಗಾಡಿಗಳು ಸಾಲುಗಟ್ಟಿ ನಿಂತಿರುತ್ತವೆ. ಹಿಂದೆ ಮಕ್ಕಳು ಕೂತಿದ್ದರಂತೂ ಗಾಡಿಯವನಿಗೆ ಒಂದು ನಿಮಿಷ ತಾಳ್ಮೆ ಇರುವುದಿಲ್ಲ. ಇಲ್ಲಿನ ರೋಗಗಳೂ ಬೇರೆ. ಓಡುವಾಗ ತಣ್ಣಗೆ, ಸಿಗ್ನಲ್ಲಿನಲ್ಲಿ ನಿಂತರೆ ಬಿಸಿ ಅಂತ ಬಂದರೆ ನಾನು ಗ್ಯಾಸಿನ ಒತ್ತಡ ಅಳೆಯುವ ಗೇಜ್ ತೆಗೆಯುವುದೇ ಇಲ್ಲ, ಮೊದಲು ಮುಂದಿನ ಫ್ಯಾನ್ ತಿರುಗುತ್ತಿದೆಯಾ ನೋಡುತ್ತೇನೆ. ತಿರುಗುತ್ತಿದ್ದರೆ ಕಂಡೆನ್ಸರಿನಲ್ಲಿ ಕೂತ ಮರಳನ್ನು ನೀರಿನಲ್ಲಿ ತೊಳೆಯುತ್ತೇನೆ. ಎಷ್ಟೋ ಗಾಡಿ ಅಷ್ಟಕ್ಕೇ ಸರಿಹೋಗುತ್ತವೆ.

ಸಂಜೆ ಕಾಲ್ ಬಂತು. ನಮ್ಮ ಗಡಿಯಾರ ನಿಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಕತ್ತಲು, ನನಗಿನ್ನೂ ಬಿಸಿಲು. ಮೊದಲು ಬ್ಲೋವರ್ ನಾಲ್ಕಕ್ಕೆ ಇಡಿಸಿದೆ. ಗಾಳಿ ಜೋರಾಗಿಯೇ ಇತ್ತು. ಗಾಳಿಯೇ ಕಡಿಮೆ ಬರುತ್ತಿದ್ದರೆ ಗ್ಲೋವ್ ಬಾಕ್ಸ್ ಹಿಂದಿನ ಕ್ಯಾಬಿನ್ ಫಿಲ್ಟರ್ ತೆಗೆಸುತ್ತಿದ್ದೆ. ತೋಟದ ದಾರಿಯಲ್ಲಿ ಸಿಲ್ವರ್ ಓಕ್ ಕೆಳಗೆ ಗಾಡಿ ನಿಲ್ಲಿಸುವವರ ಫಿಲ್ಟರಿನಲ್ಲಿ ಅರ್ಧ ಬುಟ್ಟಿ ತರಗೆಲೆ ಸಿಗುತ್ತದೆ. ಆಮೇಲೆ ಬಾನೆಟ್ ಎತ್ತಿಸಿ, ಇಂಜಿನ್ ಚಾಲೂ ಇಟ್ಟು ಎ.ಸಿ. ಬಟನ್ ಒತ್ತಲು ಹೇಳಿದೆ. 'ಟಕ್' ಅಂತ ಸದ್ದು ಬರಬೇಕು; ಕಂಪ್ರೆಸರಿನ ಕ್ಲಚ್ ಹಿಡಿಯುವ ಸದ್ದು ಅದು. ಬರಲಿಲ್ಲ. ಬೆಲ್ಟಿನ ಜೊತೆ ಪುಲ್ಲಿ ಮಾತ್ರ ತಿರುಗುತ್ತಿತ್ತು, ಅದರ ಮುಂದಿನ ತಟ್ಟೆ ಸುಮ್ಮನೆ ನಿಂತಿತ್ತು.

ಕ್ಲಚ್ ಹಿಡಿಯದಿದ್ದರೆ ಕರೆಂಟು ಬರುತ್ತಿಲ್ಲ, ಇಲ್ಲವೇ ಗ್ಯಾಸಿನ ಒತ್ತಡ ತೀರಾ ಇಳಿದು ಪ್ರೆಷರ್ ಸ್ವಿಚ್ಚೇ ಕಂಪ್ರೆಸರನ್ನು ತಡೆದಿದೆ. ಗ್ಯಾಸಿನ ಜೊತೆಗೇ ಎಣ್ಣೆಯೂ ಸುತ್ತುತ್ತದೆ. ಗ್ಯಾಸ್ ಇಲ್ಲದೆ ಓಡಿದರೆ ಎಣ್ಣೆ ಸಿಗದೆ ಕಂಪ್ರೆಸರ್ ಸುಟ್ಟುಹೋಗುತ್ತದೆ. ಅದಕ್ಕೇ ಆ ಸ್ವಿಚ್ಚು. ಅದನ್ನು ತಪ್ಪಿಸಿ ನೇರ ವೈರ್ ಕೊಟ್ಟು ಓಡಿಸುವ ಜಾಣರೂ ಇದ್ದಾರೆ. ಫ್ಯೂಸ್ ನೋಡಿಸಿದೆ, ಸರಿ ಇತ್ತು. ಕ್ಲಚ್ಚಿಗೆ ಕರೆಂಟು ಬಿಡುವ ರಿಲೇ ತೆಗೆಸಿ ಅದೇ ನಂಬರಿನ ಹಾರ್ನ್ ರಿಲೇ ಹಾಕಿಸಿದೆ, ಆಗಲೂ ಸದ್ದಿಲ್ಲ. ಮಲೆನಾಡ ಕಡೆ ಮಳೆಗಾಲದಲ್ಲಿ ಬೆಚ್ಚಗಿನ ಇಂಜಿನ್ ಹುಡುಕಿ ಬರುವ ಇಲಿ ಕ್ಲಚ್ಚಿನ ವೈರ್ ಕಡಿಯುವುದು ಮಾಮೂಲು. ಟಾರ್ಚ್ ಹಿಡಿಸಿ ಅದನ್ನೂ ನೋಡಿದೆ. ವೈರ್ ಚೆನ್ನಾಗಿತ್ತು.

ಅಂದರೆ ಗ್ಯಾಸ್ ನಿಜಕ್ಕೂ ಹೋಗಿತ್ತು. ಅಷ್ಟರಮಟ್ಟಿಗೆ ಭಾಮೈದ ಹೇಳಿದ್ದು ಸರಿ. ಎಲ್ಲಿಂದ ಹೋಯಿತು ಅನ್ನುವುದು ಅವನಿಗೆ ಬೇಕಿರಲಿಲ್ಲ, ನನಗೆ ಬೇಕಿತ್ತು.

ಮಾರನೆಯ ದಿನ ಬಿ.ಎಂ. ರಸ್ತೆ ಕಡೆಯ ಒಬ್ಬ ಎ.ಸಿ. ಮೆಕ್ಯಾನಿಕ್ ಹತ್ತಿರ ಹೋಗಿ ಫೋನ್ ಅವರ ಕೈಗೇ ಕೊಟ್ಟ. ಪುಣ್ಯಕ್ಕೆ ಒಳ್ಳೆಯ ಮನುಷ್ಯ, "ದುಬೈಯಿಂದ ಪಾಠ ಹೇಳ್ತೀರಾ ಸಾರ್?" ಅಂತ ನಗುತ್ತಲೇ ಗೇಜ್ ಹಾಕಿದರು. ಇಂಜಿನ್ ಆರಿಸಿದ್ದಾಗ 20 ಪಿ.ಎಸ್.ಐ. ಈ ಗಾಡಿಯಲ್ಲಿರುವುದು ಆರ್-134ಎ ಅನ್ನುವ ಗ್ಯಾಸ್. ಒಳಗೆ ದ್ರವ ಉಳಿದಿದ್ದರೆ ಹಾಸನದ ಬೆಳಗಿನ 24-25 ಡಿಗ್ರಿಗೆ 80ರ ಆಸುಪಾಸು ತೋರಿಸಬೇಕು. 20 ಅಂದರೆ ಬರೀ ಆವಿ. ಇನ್ನೊಂದು ಮಾತು, 80 ತೋರಿಸಿದ ಮಾತ್ರಕ್ಕೆ ಗ್ಯಾಸ್ ಪೂರ್ತಿ ಇದೆ ಅಂತಲೂ ಅಲ್ಲ. ನೂರು ಗ್ರಾಂ ದ್ರವ ಇದ್ದರೂ ಅಷ್ಟೇ, ನಾನೂರು ಇದ್ದರೂ ಅಷ್ಟೇ.

ತೂತು ಹುಡುಕಲು ದೊಡ್ಡ ಯಂತ್ರವೇ ಬೇಕಾಗಿಲ್ಲ. ಗ್ಯಾಸ್ ಹೋಗುವ ಕಡೆ ಎಣ್ಣೆಯೂ ಒಸರುತ್ತದೆ, ಎಣ್ಣೆಗೆ ಧೂಳು ಅಂಟುತ್ತದೆ. ಗ್ರಿಲ್ ಸಂದಿಯಿಂದ ಫೋನ್ ತೂರಿಸಿ ಕಂಡೆನ್ಸರ್ ತೋರಿಸಿ ಅಂದೆ. ಎಡಗಡೆ ಕೆಳಮೂಲೆಯಲ್ಲಿ ಅಂಗೈಯಗಲ ಕಪ್ಪು ಜಿಡ್ಡು. ಮೆಕ್ಯಾನಿಕ್ ನೈಟ್ರೋಜನ್ ತುಂಬಿ ಸೋಪಿನ ನೊರೆ ಬಳಿದರು. ಜೋಳದ ಕಾಳಿನಷ್ಟು ಗುಳ್ಳೆ ಒಂದೊಂದೇ ಏಳತೊಡಗಿತು. ಶಿರಾಡಿಯಲ್ಲಿ ರಸ್ತೆ ಕೆಲಸ ನಡೆಯುವಾಗ ಲಾರಿ ಹಿಂದೆ ಓಡಿಸಿದವರ ಗಾಡಿಗೆ ಕಲ್ಲು ಬಡಿಯದೆ ಇರುತ್ತದಾ?

ಕಂಡೆನ್ಸರಿಗೆ ಬೆಸುಗೆ ಹಾಕಿಸಲಾ ಅಂದ. ಬೇಡ, ಹೊಸದೇ ಹಾಕಿಸು ಅಂದೆ. ಆ ತೆಳು ಅಲ್ಯೂಮಿನಿಯಂ ಕೊಳವೆಗೆ ಹಾಕಿದ ಬೆಸುಗೆ ನಿಲ್ಲುವುದು ಕಷ್ಟ. ಜೊತೆಗೆ ತೇವ ಹೀರುವ ಡ್ರೈಯರ್, ಪೈಪಿನ ಜೋಡಣೆಗೆ ಹಾಕುವ ರಬ್ಬರಿನ ಓ-ರಿಂಗುಗಳು, ಹೊಸ ಕಂಡೆನ್ಸರಿಗೆ ಬೇಕಾದಷ್ಟು ಪ್ಯಾಗ್ ಅನ್ನುವ ಕಂಪ್ರೆಸರ್ ಎಣ್ಣೆ.

ಪೈಪುಗಳೊಳಗಿನ ಗಾಳಿ, ತೇವ ಎಳೆದು ತೆಗೆಯಲು ಪಂಪಿನಿಂದ ವ್ಯಾಕ್ಯೂಮ್ ಹಾಕಿದಾಗ ಒಂದು ತಮಾಷೆ. ಗೇಜಿನ ಮುಳ್ಳು ಇಪ್ಪತ್ತಾರೂವರೆ ಇಂಚಿಗೆ (ಪಾದರಸದ ಲೆಕ್ಕದಲ್ಲಿ) ನಿಂತುಬಿಟ್ಟಿತು. ಪುಸ್ತಕದಲ್ಲೆಲ್ಲ 29 ಅಂತ ಇರುತ್ತದೆ, ಶಾರ್ಜಾದಲ್ಲಿ ನನ್ನ ಗೇಜ್ ಅಷ್ಟೇ ತೋರಿಸುತ್ತದೆ. ಪಂಪು ಹಳೆಯದಾಯಿತು ಅಂತ ಮೆಕ್ಯಾನಿಕ್ ಬೇಜಾರು ಮಾಡಿಕೊಂಡರು. ಪಂಪಿನದೇನೂ ತಪ್ಪಿಲ್ಲ. ಮೇಲೆ ಹೋದಂತೆ ಗಾಳಿಯ ಒತ್ತಡವೇ ಕಡಿಮೆ. ಸಾವಿರ ಅಡಿಗೆ ಸುಮಾರು ಒಂದು ಇಂಚು ಕಳೆಯಬೇಕು. ಹಾಸನದ ಎತ್ತರಕ್ಕೆ ಇಪ್ಪತ್ತಾರೂವರೆ ಬಂದರೆ ಭೇಷ್. ಚಿಕ್ಕಮಗಳೂರಿನಲ್ಲಿ ಇನ್ನೂ ಸ್ವಲ್ಪ ಕಡಿಮೆಯೇ ಬರುತ್ತದೆ. ಮುಳ್ಳು ಎಷ್ಟಕ್ಕೆ ಏರಿತು ಅನ್ನುವುದಕ್ಕಿಂತ ಪಂಪು ನಿಲ್ಲಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ನಿಂತಿತಾ ಅನ್ನುವುದು ಮುಖ್ಯ. ನಿಂತಿತು.

ಗ್ಯಾಸ್ ತುಂಬುವಾಗ ಮಾತ್ರ ನಾನು ಹಠ ಹಿಡಿದೆ. ಊರಲ್ಲಿ ಬಹಳ ಕಡೆ ಗೇಜ್ ನೋಡಿಕೊಂಡು, ಪೈಪ್ ಮುಟ್ಟಿ ನೋಡಿಕೊಂಡು ತುಂಬುತ್ತಾರೆ. ಹಾಸನದ ತಂಪಿನಲ್ಲಿ ಒತ್ತಡ ತಾನಾಗಿಯೇ ಕಡಿಮೆ ಇರುತ್ತದೆ, ಸಾಲದು ಅಂತ ಇನ್ನಷ್ಟು ಬಿಡುತ್ತಾರೆ. ಅಲ್ಲಿ ಚೆನ್ನಾಗಿಯೇ ತಣ್ಣಗಾಗುತ್ತದೆ. ಮಂಗಳೂರಿನ ಸೆಕೆಗೆ ಇಳಿದ ಕೂಡಲೇ ಹೈ ಸೈಡ್, ಅಂದರೆ ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಕಡೆಯ ಒತ್ತಡ ಏರಿ ಕಂಪ್ರೆಸರ್ ಕಟ್ ಆಗತೊಡಗುತ್ತದೆ. ಬಾನೆಟ್ ಒಳಗಿನ ಸ್ಟಿಕ್ಕರಿನಲ್ಲಿ ಎಷ್ಟು ಗ್ರಾಂ ಅಂತ ಬರೆದೇ ಇರುತ್ತದೆ. ಪಕ್ಕದ ಅಂಗಡಿಯ ತಕ್ಕಡಿ ತರಿಸಿ, ಕ್ಯಾನನ್ನು ಅದರ ಮೇಲಿಟ್ಟು ತೂಕ ನೋಡಿ ತುಂಬಿದರು. ಡ್ಯಾಶ್‌ಬೋರ್ಡಿನ ನಡು ಕಿಂಡಿಗೆ ಸಿಕ್ಕಿಸಿದ ಥರ್ಮಾಮೀಟರ್ 6 ಡಿಗ್ರಿಗೆ ಇಳಿಯಿತು.

ಬಿಲ್ ನೋಡಿ ಭಾಮೈದ ಗೊಣಗಿದ. ವರ್ಷ ವರ್ಷ ಗ್ಯಾಸಿಗೆ ಸುರಿದದ್ದನ್ನು ಕೂಡಿಸು ಅಂದೆ, ಸುಮ್ಮನಾದ.

ಮೈಲೇಜ್ ಹೋಗುತ್ತದೆ ಅಂತ ಜೂನಿನಿಂದ ಫೆಬ್ರವರಿವರೆಗೆ ಬಟನ್ ಮುಟ್ಟದೆ ಇರುವವರು ನಮ್ಮ ಕಡೆ ಜಾಸ್ತಿ. ಕಂಪ್ರೆಸರಿನ ಸೀಲುಗಳಿಗೆ ಎಣ್ಣೆ ತಲುಪುವುದು ಅದು ಓಡಿದಾಗ ಮಾತ್ರ. ವಾರಕ್ಕೊಮ್ಮೆ ಹತ್ತು ನಿಮಿಷ ಹಾಕಿ, ಚಳಿಯಲ್ಲೂ ಹಾಕಿ. ಘಾಟಿಯ ಮಳೆಯಲ್ಲಿ ಮುಂದಿನ ಗಾಜು ಮಬ್ಬಾದಾಗ ಎ.ಸಿ. ಬಟನ್ ಒತ್ತಿ ಬಿಸಿಗೆ ತಿರುಗಿಸಿ. ಎ.ಸಿ. ಗಾಳಿಯ ತೇವ ಹಿಂಡುತ್ತದೆ, ಗಾಜು ತಿಳಿಯಾಗುತ್ತದೆ. ಬಟ್ಟೆಯಲ್ಲಿ ಒರೆಸುತ್ತಾ ಚಾರ್ಮಾಡಿ ಇಳಿಯುವವರನ್ನು ಕಂಡರೆ ನನಗೆ ಭಯ.

ಮೊನ್ನೆ ಮತ್ತೆ ಫೋನ್: "ಬಾವ, ಎ.ಸಿ. ಹಾಕುದ್ರೆ ಎಡಗಡೆ ಕಾಲ್ ಹತ್ರ ಮ್ಯಾಟು ನೆನೀತೈತೆ." ನೀರು ಹೊರಗೆ ಹೋಗುವ ಪೈಪಿಗೆ ಮಣ್ಣು ಕಟ್ಟಿರುತ್ತದೆ, ಗಾಡಿ ಅಡಿಯಿಂದ ಗಾಳಿ ಹೊಡೆಸು ಅಂದೆ. ಮೆಕ್ಯಾನಿಕ್ ಹತ್ತಿರ ಹೋಗುವ ಅಗತ್ಯವೂ ಇಲ್ಲ, ಪಂಕ್ಚರ್ ಅಂಗಡಿಯಲ್ಲೇ ಆಗುತ್ತದೆ. ಭಾನುವಾರ ನೋಡುತ್ತಾನಂತೆ.