ಯಾವ ಸಿನಿಮಾಕ್ಕೂ ಅಂತ ಮಾಡದ ಸಂಗೀತ

ಬಳ್ಳಾರಿ, 1 ಜೂನ್ 2025, ಭಾನುವಾರ

ಇವತ್ತು ಸಿರುಗುಪ್ಪದಿಂದ ಇಬ್ಬರು ಕಾಲೇಜು ಹುಡುಗರು ಬಂದಿದ್ದರು. ಮುಚ್ಚಿಹೋದ ಒಂದು ರೈಸ್ ಮಿಲ್ಲಿನಲ್ಲಿ ದೆವ್ವದ ಕಿರುಚಿತ್ರ ತೆಗೆದಿದ್ದಾರೆ. ಎಡಿಟಿಂಗ್ ತಾವೇ ಮಾಡಿಕೊಂಡಿದ್ದಾರೆ, ಪರವಾಗಿಲ್ಲ, ಚೆನ್ನಾಗೇ ಇದೆ. ಸಂಗೀತ ಮಾತ್ರ ಇಲ್ಲ. "ರೆಡಿಮೇಡ್ ಬ್ಯಾಡ ಸಾರ್, ನಮ್ ಪಿಕ್ಚರಿಗೆ ಅಂತಾನೇ ಮಾಡಿದ್ದು ಬೇಕು" ಅಂದ ಒಬ್ಬ. ದುಡ್ಡೆಷ್ಟಿದೆ ಅಂತ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

ಮದುವೆ ವಿಡಿಯೊ ಎಡಿಟ್ ಮಾಡಿ ಹೊಟ್ಟೆ ಹೊರೆಯುವ ನನಗೆ ರೆಡಿಮೇಡ್ ಅನ್ನೋದು ಬೈಗುಳವೇನಲ್ಲ. ನನ್ನ ಹಾರ್ಡ್ ಡಿಸ್ಕಿನಲ್ಲಿ 'ಅರಿಶಿನ', 'ಧಾರೆ', 'ಅಳು' ಅಂತ ಫೋಲ್ಡರುಗಳೇ ಇವೆ. 'ಅಳು' ಫೋಲ್ಡರಿನ ಒಂದು ಕೊಳಲಿನ ತುಣುಕಿಗೆ ಸಂಡೂರಿಂದ ಸಿಂಧನೂರಿನವರೆಗೆ ಎಷ್ಟು ಹೆಣ್ಣುಮಕ್ಕಳು ತವರು ಬಿಟ್ಟು ಹೊರಟಿದ್ದಾರೋ! ಇದು ನಮ್ಮ ಮಗಳಿಗೆ ಅಂತ ಮಾಡಿದ್ದಲ್ಲ ಎಂದು ಯಾವ ತಾಯಿಯೂ ಇದುವರೆಗೆ ತಕರಾರು ತೆಗೆದಿಲ್ಲ.

ಹುಡುಗರನ್ನು ಕೂರಿಸಿ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಹಾಕಿದೆ. 1968ರದು, ಕಪ್ಪು ಬಿಳುಪು. ಪಿಟ್ಸ್‌ಬರ್ಗ್‌ನಲ್ಲಿ ಜಾಹೀರಾತು ಚಿತ್ರ ತೆಗೆಯುತ್ತಿದ್ದ ಜಾರ್ಜ್ ರೊಮೆರೊ ಮತ್ತು ಗೆಳೆಯರು ಸುಮಾರು 1,14,000 ಡಾಲರಿನಲ್ಲಿ ಮುಗಿಸಿದ ಸಿನಿಮಾ. ಸತ್ತವರು ಎದ್ದು ಬಂದು ಬದುಕಿದವರನ್ನು ತಿನ್ನುವ ಕತೆ ಇವತ್ತು ಎಲ್ಲರಿಗೂ ಗೊತ್ತು. ಅದಕ್ಕೆ ದಾರಿ ಮಾಡಿದ್ದು ಇದು. ಶುರುವಿನಲ್ಲಿ ಖಾಲಿ ರಸ್ತೆ. ದೂರದಿಂದ ಒಂದು ಕಾರು ಸ್ಮಶಾನದ ಕಡೆ ಬರುತ್ತದೆ. ಏನೂ ನಡೆಯುವುದಿಲ್ಲ. ಆದರೆ ಸಂಗೀತ ಆಗಲೇ ಕೆಲಸ ಶುರು ಮಾಡಿರುತ್ತದೆ.

"ಇದನ್ನ ಈ ಸಿನಿಮಾಕ್ಕೇ ಮಾಡಿದ್ದಾರೆ ಅನ್ಸುತ್ತಾ?" ಅಂದೆ.

"ಮತ್ತಿನ್ನೇನ್ ಸಾರ್!"

ಅಲ್ಲ. ಅದು ಕ್ಯಾಪಿಟಲ್ ಅನ್ನುವ ರೆಕಾರ್ಡ್ ಕಂಪನಿಯ 'ಹೈ-ಕ್ಯೂ' ಅನ್ನುವ ಸಂಗೀತ ಲೈಬ್ರರಿಯ ಸರಕು. 1950ರ ದಶಕದಲ್ಲೇ ರೆಕಾರ್ಡ್ ಮಾಡಿಟ್ಟದ್ದು. ಸಂಯೋಜಕರ ಮುಂದೆ ಯಾವ ದೃಶ್ಯವೂ ಇರಲಿಲ್ಲ. ಭಯಕ್ಕೊಂದು, ಓಟಕ್ಕೊಂದು, ತಮಾಷೆಗೊಂದು ಅಂತ ಮಾಡಿಡೋದು, ಬೇಕಾದವರು ಹಣ ಕೊಟ್ಟು ಬಳಸಿಕೊಳ್ಳೋದು, ಅಷ್ಟೇ. ಈ ಸಿನಿಮಾದಲ್ಲಿರುವ ಕೆಲವು ತುಣುಕುಗಳು 1959ರ 'ಟೀನೇಜರ್ಸ್ ಫ್ರಮ್ ಔಟರ್ ಸ್ಪೇಸ್'ನಲ್ಲೂ ಕೇಳಿಸುತ್ತವೆ. 1958ರಲ್ಲಿ ಟೀವಿಗೆ ಬಂದ 'ಹಕಲ್‌ಬೆರಿ ಹೌಂಡ್' ಅನ್ನುವ ನೀಲಿ ನಾಯಿಯ ಕಾರ್ಟೂನಿಗೂ ಇದೇ ಲೈಬ್ರರಿಯಿಂದ ಸಂಗೀತ ತಂದಿದ್ದರು. ಆ ನಾಯಿಗೂ ನಡೆದಾಡುವ ಹೆಣಕ್ಕೂ ಒಂದೇ ಅಂಗಡಿ!

ಇದನ್ನೆಲ್ಲ ಆರಿಸಿ ಜೋಡಿಸಿದವನು ಕಾರ್ಲ್ ಹಾರ್ಡ್‌ಮನ್. ನೆಲಮಾಳಿಗೆಯೇ ಸುರಕ್ಷಿತ ಅಂತ ಕೊನೆವರೆಗೂ ಜಗಳವಾಡುವ ಹ್ಯಾರಿ ಕೂಪರ್ ಪಾತ್ರ ಮಾಡಿದ್ದೂ ಅವನೇ. ಅವನ ಹೆಂಡತಿ ಪಾತ್ರದ ಮೆರಿಲಿನ್ ಈಸ್ಟ್‌ಮನ್ ಕೂಡ ಧ್ವನಿ ಕೆಲಸದಲ್ಲಿ ಅವನ ಜೊತೆಗಾರ್ತಿ. ನೆಲಮಾಳಿಗೆಯಲ್ಲಿ ಸತ್ತು ಎದ್ದ ಕೂಪರ್ ಮಗಳು ತಾಯಿಯನ್ನು ಕರಣೆಯಿಂದ ಚುಚ್ಚುವ ದೃಶ್ಯ ಬಂದಾಗ ಹುಡುಗರ ಮಾತು ನಿಂತಿತು. ಅಲ್ಲಿ ಕಿವಿಗೆ ಹೊಡೆಯುವುದು ಲೈಬ್ರರಿ ಸಂಗೀತಕ್ಕಿಂತ ಆ ತಾಯಿಯ ಕಿರುಚಾಟ. ಅದನ್ನು ಎಲೆಕ್ಟ್ರಾನಿಕ್ ಆಗಿ ಎಳೆದು, ಪ್ರತಿಧ್ವನಿ ಕೊಟ್ಟು, ಮನುಷ್ಯರ ಗಂಟಲೇ ಅಲ್ಲ ಅನ್ನುವಂತೆ ಮಾಡಿದ್ದಾರೆ. ರೆಡಿಮೇಡ್ ಎಲ್ಲಿ ಸಾಕು, ಎಲ್ಲಿ ಸಾಲದು ಅಂತ ಗೊತ್ತಿದ್ದವನ ಕೆಲಸ ಇದು. ಅಂದಹಾಗೆ ಆ ಹುಡುಗಿ ಹಾರ್ಡ್‌ಮನ್‌ನ ಸ್ವಂತ ಮಗಳು, ಕೈರಾ.

ನನಗೆ ಇನ್ನೂ ಒಂದು ವಿಷಯ ಇಷ್ಟ. 1968ಕ್ಕೆ ಈ ಸಂಗೀತ ಆಗಲೇ ಹಳೇದು. ಜೋರು ಕಹಳೆ, ಎಳೆದಾಡುವ ಪಿಟೀಲು, ಹತ್ತು ವರ್ಷ ಹಿಂದಿನ ಅಗ್ಗದ ರಾಕ್ಷಸ ಸಿನಿಮಾಗಳ ದನಿ. ಕೇಳಿದವರಿಗೆ ಧೈರ್ಯ ಬರುತ್ತದೆ: ಓ, ಇಂಥ ಪಿಕ್ಚರಾ, ಕೊನೆಗೆ ನಾಯಕ ಗೆಲ್ತಾನೆ ಬಿಡು. ಆಮೇಲೆ ಸಿನಿಮಾ ಆ ಮಾತು ನಡೆಸುವುದೇ ಇಲ್ಲ. ಡ್ವೇನ್ ಜೋನ್ಸ್ ಮಾಡಿದ ನಾಯಕ ಬೆನ್ ಇಡೀ ರಾತ್ರಿ ಹೆಣಗಳಿಂದ ಪಾರಾಗಿ, ಬೆಳಿಗ್ಗೆ ಕಾಪಾಡಲು ಬಂದವರ ಗುಂಡಿಗೇ ಸಾಯುತ್ತಾನೆ. ದುಡ್ಡಿದ್ದು ಹೊಸ ಸಂಗೀತ ಮಾಡಿಸಿದ್ದರೆ ಕಾಲಕ್ಕೆ ತಕ್ಕಂತೆ ಇರುತ್ತಿತ್ತೇನೋ, ಈ ಏಟು ಮಾತ್ರ ಬೀಳುತ್ತಿರಲಿಲ್ಲ.

ರೊಮೆರೊಗೂ ಈ ರೆಡಿಮೇಡ್ ಸಂಗೀತದ ಅಭ್ಯಾಸ ಬಿಡಲಿಲ್ಲ. 1978ರ 'ಡಾನ್ ಆಫ್ ದಿ ಡೆಡ್'ಗೆ ಇಟಲಿಯ ಗಾಬ್ಲಿನ್ ಬ್ಯಾಂಡ್ ಸಂಗೀತ ಮಾಡಿತ್ತು. ಆದರೂ ಕೊನೆಯಲ್ಲಿ ಶಾಪಿಂಗ್ ಮಾಲ್‌ನಲ್ಲಿ ಹೆಣಗಳು ತೂರಾಡುವಾಗ ಕೇಳೋದು ಲಂಡನ್ನಿನ ಡಿ ವುಲ್ಫ್ ಲೈಬ್ರರಿಯ 'ದಿ ಗಾಂಕ್'. ಹರ್ಬರ್ಟ್ ಚಾಪೆಲ್ ಅವರದು. ಜಾತ್ರೆ ವಾಲಗದಂಥ ಕುಣಿತದ ಟ್ಯೂನು. ಅದನ್ನು ಹಾಕಿದರೆ ಹುಡುಗರು ಬಿದ್ದು ಬಿದ್ದು ನಕ್ಕರು.

ಮೊದಲನೇ ಸಿನಿಮಾದ ಹಕ್ಕಿನ ಕತೆಯನ್ನೂ ಹೇಳಿದೆ. ಮೊದಲು ಅದಕ್ಕೆ ಬೇರೆ ಹೆಸರಿತ್ತು. ವಿತರಕರು ಹೆಸರು ಬದಲಿಸಿದಾಗ ಹೊಸ ಟೈಟಲ್ಲಿನಲ್ಲಿ ಕಾಪಿರೈಟ್ ಸಾಲು ಬಿಟ್ಟುಹೋಯಿತು. ಆಗಿನ ಅಮೆರಿಕದ ಕಾನೂನಿನಲ್ಲಿ ಸಾಲಿಲ್ಲದಿದ್ದರೆ ಹಕ್ಕೂ ಇಲ್ಲ. ಸಿನಿಮಾ ಊರ ಆಸ್ತಿಯಾಯಿತು. ಯಾರು ಬೇಕಾದರೂ ತೋರಿಸಿದರು, ಮಾರಿದರು, ರೊಮೆರೊ ಕಡೆಯವರಿಗೆ ಸೇರಬೇಕಾದ ದುಡ್ಡು ಹೋಯಿತು.

"ಹಂಗಾದ್ರೆ ಇದ್ರದ್ದೇ ಮ್ಯೂಸಿಕ್ ಹಾಕ್ಕೊಂಬಿಡನ ಸಾರ್!" ಅಂತ ಹಾರಿದ ರೆಡಿಮೇಡ್ ಬೇಡ ಅಂದವನು. ಎಷ್ಟು ಬೇಗ ನಿಲುವು ಬದಲಾಗುತ್ತೆ ನೋಡಿ! ಹಾಗಲ್ಲಪ್ಪ, ಸಿನಿಮಾ ಬೇರೆ, ಅದರೊಳಗಿನ ಸಂಗೀತ ಬೇರೆ. ಅದು ಮೊದಲೇ ಹುಟ್ಟಿದ್ದು, ಅದರ ಯಜಮಾನರೂ ಬೇರೆ ಅಂತ ಕೂರಿಸಿದೆ.

ಆಮೇಲೆ ನಾನು ಲೈಸೆನ್ಸ್ ತೆಗೆದುಕೊಂಡಿರುವ ಲೈಬ್ರರಿಯಲ್ಲಿ ಹುಡುಕಲು ಕೂತೆವು. 'ಹಾರರ್' ಅಂತ ಬರೆದದ್ದೆಲ್ಲ ಮಿಲ್ಲಿನ ದೃಶ್ಯಕ್ಕೆ ಜಾಸ್ತಿಯಾಯಿತು. ಬಾಗಿಲು ತೆಗೆಯುವ ಮೊದಲೇ ದೆವ್ವ ಬಂತು ಅಂತ ಕೂಗಿ ಹೇಳಿದ ಹಾಗೆ. ಕೊನೆಗೆ ಕೂತದ್ದು ಹಳೇ ರೇಡಿಯೊ ಕಾರ್ಯಕ್ರಮದಂಥ ಒಂದು ಉಲ್ಲಾಸದ ತುಣುಕು. ಅಕ್ಕಿ ಮೂಟೆಗಳ ನಡುವೆ ಹುಡುಗಿ ಟಾರ್ಚ್ ಹಿಡಿದು ಹೋಗುತ್ತಾಳೆ, ಹಿಂದೆ ಈ ಖುಷಿಯ ಟ್ಯೂನು. ತೆಗೆದವರೇ ಹೆದರಿದರು.

"ಮ್ಯೂಸಿಕ್ ಅಂತ ಯಾರ ಹೆಸ್ರು ಹಾಕನ ಸಾರ್?" ಅಂತ ಇನ್ನೊಬ್ಬ ಕೇಳಿದ. ಅವನು ಅಲ್ಲಿವರೆಗೆ ಬಾಯೇ ಬಿಟ್ಟಿರಲಿಲ್ಲ. ಸಂಯೋಜಕರ ಹೆಸರು ಲೈಸೆನ್ಸ್ ಪತ್ರದಲ್ಲಿರುವ ಹಾಗೆ ಹಾಕಿ, ಕೆಳಗೆ 'ಸಂಗೀತ ಆಯ್ಕೆ' ಅಂತ ನಿಮ್ಮ ಹೆಸರು ಹಾಕಿ ಅಂದೆ. ನನ್ನ ಹೆಸರು ಬೇಡ. ಮದುವೆ ಪಾರ್ಟಿಗಳು ಆ ಚಿತ್ರ ನೋಡಿದರೆ ಕಷ್ಟ.