ಬೆರಳು ತೋರಿದರೆ ನಾಯಿ ಏನು ಮಾಡುತ್ತದೆ: ಬದಿಯಡ್ಕ ಪೇಟೆಯ ಟಿಪ್ಪಣಿ

ಆಟಿ ತಿಂಗಳ ಮಳೆಗೆ ನಿಂತುಹೋಗಿದ್ದ ಪ್ರಯೋಗವನ್ನು, ಅಂಗಳದಲ್ಲಿ ಅಡಿಕೆ ಹರಡುವ ಬಿಸಿಲು ಬಂದ ಮೇಲೆ ಪೇಟೆಯ ನಾಯಿಗಳೊಂದಿಗೆ ಮತ್ತೆ ಆರಂಭಿಸಿದ್ದೇನೆ. ಏರ್ಪಾಡು ಹಿಂದಿನದೇ: ಎರಡು ಬಟ್ಟಲುಗಳಲ್ಲಿ ಒಂದಕ್ಕೆ ಮಾತ್ರ ಬೂತಾಯಿಯ ತುಂಡು ಹಾಕಿ, ಎರಡನ್ನೂ ಹಾಳೆಯಿಂದ ಮುಚ್ಚಿ, ಮೀನಿರುವ ಕಡೆಗೆ ಬೆರಳು ತೋರಿಸುವುದು. ವಾಸನೆಯೇ ದಾರಿ ತೋರಿಸಬಾರದೆಂದು ಮೀನು ತೊಳೆದ ನೀರನ್ನು ಎರಡೂ ಬಟ್ಟಲುಗಳಿಗೆ ಸವರುತ್ತೇವೆ. ನಾಯಿ ಮೊದಲು ಯಾವ ಹಾಳೆಗೆ ಮೂತಿ ತಾಗಿಸುತ್ತದೆ ಎಂಬುದನ್ನು ಅಣ್ಣನ ಮಗಳು ಮೊಬೈಲಿನಲ್ಲಿ ಚಿತ್ರೀಕರಿಸುತ್ತಾಳೆ.

ಈ ಮಾದರಿಯನ್ನು ನಾನು ಎರವಲು ತಂದದ್ದು ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಾದ ಐಸರ್ ಕೋಲ್ಕತ್ತದ ಅನಿಂದಿತಾ ಭದ್ರ ಅವರ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಅವರು 160 ಬೀದಿ ನಾಯಿಗಳನ್ನು ಪರೀಕ್ಷಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟು ನಾಯಿಗಳು ಹತ್ತಿರಕ್ಕೇ ಬರಲಿಲ್ಲ. ಬಂದವುಗಳಲ್ಲಿ ಮಾತ್ರ ಸುಮಾರು ಶೇಕಡಾ 80ರಷ್ಟು, ಯಾವ ತರಬೇತಿಯೂ ಇಲ್ಲದೆ, ಬೆರಳು ತೋರಿದ ಬಟ್ಟಲಿಗೇ ಹೋದವು. ಓದಿದವರೆಲ್ಲ ಎರಡನೆಯ ಅಂಕಿಯನ್ನು ಮೆಚ್ಚುತ್ತಾರೆ. ನನಗೆ ಮೊದಲನೆಯದೇ ಹೆಚ್ಚು ಮುಖ್ಯವೆನಿಸುತ್ತದೆ, ಏಕೆಂದರೆ ಬಾರದ ನಾಯಿಗೆ ಬುದ್ಧಿ ಕಡಿಮೆಯೆಂದು ಹೇಳಲು ಯಾವ ಆಧಾರವೂ ಇಲ್ಲ.

ಬಸ್ಸು ತಂಗುದಾಣದ ಕಂದು ಹೆಣ್ಣು ನಾಯಿಯನ್ನೇ ನೋಡಿ. ಬಟ್ಟಲಿಡಲು ನಾನು ಬಗ್ಗಿದೊಡನೆ ಅದರ ಕಿವಿಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ, ನಾಲಿಗೆ ಒಮ್ಮೆ ಮೂಗಿನ ತುದಿಯನ್ನು ಸವರುತ್ತದೆ, ಮೈಭಾರವೆಲ್ಲ ಹಿಂಗಾಲಿಗೆ ಸರಿಯುತ್ತದೆ. ಮರುಕ್ಷಣ ಅದು ರಸ್ತೆಯ ಆಚೆಗಿರುತ್ತದೆ. ನಮ್ಮ ಪೇಟೆಗಳಲ್ಲಿ ನಾಯಿಯ ಮುಂದೆ ಮನುಷ್ಯ ಬಗ್ಗುವುದು ಬಹುತೇಕ ಕಲ್ಲೆತ್ತುವುದಕ್ಕೆ. ರಷ್ಯದ ವಿಜ್ಞಾನಿ ಪಾವ್ಲೋವರ ಪ್ರಯೋಗಶಾಲೆಯ ನಾಯಿಗಳಿಗೆ ಮೆಟ್ರೊನೋಮಿನ (ತಾಳ ಹಾಕುವ ಯಂತ್ರದ) ಸದ್ದು ಆಹಾರದ ಸೂಚನೆಯಾದ ಬಗೆಯಲ್ಲೇ ಇವುಗಳಿಗೆ ಬಾಗಿದ ಬೆನ್ನು ಪೆಟ್ಟಿನ ಸೂಚನೆಯಾಗಿದೆ ಎಂಬುದು ನನ್ನ ಊಹೆ. ಹಾಗಿದ್ದರೆ ಅದು ಓಡುವುದೂ ಕಲಿಕೆಯೇ, ಅದೂ ಬಹಳ ಚೆನ್ನಾಗಿ ಕಲಿತ ಪಾಠ.

ಆದ್ದರಿಂದ ಈಗ ನಾಯಿ ಬರುವ ಮೊದಲೇ ಬಟ್ಟಲುಗಳನ್ನಿಟ್ಟು, ಮುಚ್ಚಿದ ಅಂಗಡಿಯ ಮೆಟ್ಟಿಲಿನ ಮೇಲೆ ಓರೆಯಾಗಿ ಕುಳಿತು ಕೈ ಚಾಚುತ್ತೇನೆ. ಕಂದು ನಾಯಿ ಬಟ್ಟಲಿನವರೆಗೆ ಬರತೊಡಗಿದೆ. ಬೆರಳನ್ನು ಹಾಗೆಯೇ ಹಿಡಿದಿದ್ದರೆ ಅದು ತಡೆಯದೆ ಆ ಕಡೆ ಹೋಗುತ್ತದೆ. ಕ್ಷಣಮಾತ್ರ ತೋರಿಸಿ ಕೈ ಹಿಂತೆಗೆದುಕೊಂಡರೆ ನನ್ನ ಮುಖವನ್ನು ನೋಡುತ್ತಾ ನಿಲ್ಲುತ್ತದೆ. ಆ ನೋಟಕ್ಕೆ ಉತ್ತರವಾಗಿ ಕಣ್ಣೂ ಹೊರಳಬಾರದೆಂದು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡಿರುತ್ತೇನೆ. ಲೆಕ್ಕ ಬಲ್ಲ ಕುದುರೆಯೆಂದು ಹೆಸರಾಗಿದ್ದ ಜರ್ಮನಿಯ ಹಾನ್ಸ್, ಪ್ರಶ್ನೆ ಕೇಳುವವರ ಅರಿವಿಲ್ಲದ ಮೈಚಲನೆಯನ್ನಷ್ಟೇ ಓದುತ್ತಿತ್ತೆಂದು ಮನಶ್ಶಾಸ್ತ್ರಜ್ಞ ಓಸ್ಕರ್ ಫುಂಗ್‌ಸ್ಟ್ 1907ರಲ್ಲಿ ತೋರಿಸಿಕೊಟ್ಟ ಮೇಲೆ ಇಷ್ಟು ಎಚ್ಚರ ಅಗತ್ಯ.

ಬೆರಳನ್ನೇ ತೋರಿಸದ ಸುತ್ತುಗಳಲ್ಲಿ ಕೆಲವು ನಾಯಿಗಳು ಸದಾ ಗೋಡೆಯ ಬದಿಯ ಬಟ್ಟಲಿಗೇ ಹೋಗುತ್ತಿವೆ. ಅವುಗಳ ದಾಖಲೆಯನ್ನು ಸದ್ಯ ಬೇರೆಯಾಗಿಟ್ಟಿದ್ದೇನೆ. ಅಡಿಕೆ ಸುಲಿಯುವ ಕೆಲಸ ಮುಗಿದೊಡನೆ ಬಯಲಿನಲ್ಲಿ, ಎರಡೂ ಬದಿ ಸಮನಾಗಿ ತೆರೆದಿರುವ ಜಾಗದಲ್ಲಿ, ಅವುಗಳನ್ನು ಮತ್ತೊಮ್ಮೆ ನೋಡಬೇಕು. ಆಮೇಲೆ ಬೇಕೆಂದೇ ಖಾಲಿ ಬಟ್ಟಲನ್ನು ತೋರಿಸಿ, ನನ್ನ ಬೆರಳನ್ನು ಅವು ಎಷ್ಟು ಹೊತ್ತು ನಂಬುತ್ತವೆ ಎಂಬುದನ್ನು ಪರೀಕ್ಷಿಸುವವನಿದ್ದೇನೆ.